ಮನವಿ ಕೊಡುವ ವಿದ್ಯಾರ್ಥಿ, ಮತ ಹಾಕದ ಕಾಲೇಜು

ಮಳೆಗಾಲ ಶುರುವಾಗಿ ಕಾಲೇಜುಗಳ ಬಾಗಿಲು ತೆರೆದಾಗಿನಿಂದ ದಸರೆಯ ತನಕ ವಿಜಯಪುರ ಜಿಲ್ಲೆಯ ಪತ್ರಿಕಾ ಪುಟಗಳಲ್ಲಿ ಒಂದು ಬಗೆಯ ಫೋಟೊ ತಪ್ಪದೆ ಬರುತ್ತದೆ. ಇಂಡಿಯದೋ, ಸಿಂದಗಿಯದೋ, ಮುದ್ದೇಬಿಹಾಳದ್ದೋ, ಬಸವನಬಾಗೇವಾಡಿಯದೋ ತಹಶೀಲ್ದಾರ ಕಚೇರಿ. ಮೆಟ್ಟಿಲ ಮೇಲೆ ಇಪ್ಪತ್ತು ಮೂವತ್ತು ಮಂದಿ ಕಾಲೇಜು ಹುಡುಗ ಹುಡುಗಿಯರು, ಮುಂದೆ ಒಂದು ಬ್ಯಾನರ್. ನಡುವೆ ಗ್ರೇಡ್-2 ತಹಶೀಲ್ದಾರರು ಇಲ್ಲವೆ ಶಿರಸ್ತೇದಾರರು ಒಂದು ಹಾಳೆ ಹಿಡಿದು ನಿಂತಿರುತ್ತಾರೆ. ಕೆಳಗೆ ಎರಡು ಸಾಲು: ಬಸ್ ಸೌಲಭ್ಯಕ್ಕೆ, ಹಾಸ್ಟೆಲ್ ಸೀಟಿಗೆ, ವಿದ್ಯಾರ್ಥಿವೇತನಕ್ಕೆ ಆಗ್ರಹಿಸಿ ಮನವಿ. ಓದುಗರಲ್ಲಿ ಹೆಚ್ಚಿನವರು ಪುಟ ತಿರುವಿಬಿಡುತ್ತಾರೆ. ಆದರೆ ಈ ನಾಲ್ಕು ಊರುಗಳಲ್ಲಿ ಇಪ್ಪತ್ತರ ಆಸುಪಾಸಿನ ತರುಣರಿಗೆ ಪ್ರಜಾಪ್ರಭುತ್ವದ ಪಾಠ ಸಿಗುತ್ತಿರುವುದು ಆ ಮೆಟ್ಟಿಲ ಮೇಲೆಯೇ. ಅದು ಅರ್ಧ ಪಾಠ. ಕೇಳುವುದನ್ನು ಅವರು ಅಲ್ಲಿ ಕಲಿಯುತ್ತಾರೆ. ತಮ್ಮವರನ್ನು ತಾವೇ ಆರಿಸಿ, ಆರಿಸಿದವರನ್ನು ಲೆಕ್ಕ ಕೇಳುವುದನ್ನು ಕಲಿಯಬೇಕಾದ ಜಾಗ ಕಾಲೇಜು. ಆ ಜಾಗಕ್ಕೆ ನಾವು ಮೂರೂವರೆ ದಶಕದ ಹಿಂದೆಯೇ ಬೀಗ ಹಾಕಿದ್ದೇವೆ.

ಫೋಟೊದಲ್ಲಿ ಇರುವವರು ಯಾರು ಎಂಬುದನ್ನು ಮೊದಲು ಹೇಳಬೇಕು. ಈ ಜಿಲ್ಲೆಯಲ್ಲಿ ಬೀದಿಗಿಳಿದು ಕೆಲಸ ಮಾಡುವ ವಿದ್ಯಾರ್ಥಿ ಸಂಘಟನೆಗಳಲ್ಲಿ ಎಐಡಿಎಸ್‌ಒ ಒಂದು. ಆಲ್ ಇಂಡಿಯಾ ಡೆಮಾಕ್ರಟಿಕ್ ಸ್ಟೂಡೆಂಟ್ಸ್ ಆರ್ಗನೈಸೇಷನ್ ಎಂಬುದು ಅದರ ಪೂರ್ಣ ಹೆಸರು. 1954ರ ಡಿಸೆಂಬರ್ 28ರಂದು ಹುಟ್ಟಿದ್ದು, ಎಸ್‌ಯುಸಿಐ ಕಮ್ಯುನಿಸ್ಟ್ ಪಕ್ಷದ ವಿಚಾರಕ್ಕೆ ಸೇರಿದ್ದು. 1970ರಲ್ಲಿ ಆರಂಭವಾದ ಎಸ್‌ಎಫ್‌ಐ ಸಿಪಿಎಂ ಜೊತೆಗಿದೆ. 1971ರ ಎನ್‌ಎಸ್‌ಯುಐ ಕಾಂಗ್ರೆಸ್ಸಿನದು. 1949ರಲ್ಲಿ ನೋಂದಣಿಯಾದ ಎಬಿವಿಪಿ ತಾನು ಯಾವ ಪಕ್ಷದ ಘಟಕವೂ ಅಲ್ಲ ಎನ್ನುತ್ತದೆ. ಅದು ಸಂಘ ಪರಿವಾರದ ಸಂಘಟನೆ ಎಂಬುದು ಎಲ್ಲರಿಗೂ ತಿಳಿದದ್ದು. ಇವುಗಳ ಜೊತೆಗೆ ಅಂಬೇಡ್ಕರ್ ವಿಚಾರದ ದಲಿತ ವಿದ್ಯಾರ್ಥಿ ಪರಿಷತ್ ಇದೆ. ಹಾಸ್ಟೆಲುಗಳ ಪ್ರಶ್ನೆ ಬಂದಾಗ ಅದರ ದನಿ ಈ ಭಾಗದಲ್ಲಿ ಗಟ್ಟಿಯಾಗಿಯೇ ಕೇಳುತ್ತದೆ. ಬಣ್ಣ ಬೇರೆ, ಘೋಷಣೆ ಬೇರೆ, ಒಲವು ಬೇರೆ. ಆದರೂ ಇವರೆಲ್ಲರ ಮನವಿಗಳನ್ನು ಒಂದರ ಪಕ್ಕ ಒಂದು ಇಟ್ಟು ಓದಿದರೆ ಅರ್ಧಕ್ಕಿಂತ ಹೆಚ್ಚು ಬೇಡಿಕೆಗಳು ಒಂದೇ ಇರುತ್ತವೆ. ಅದರಲ್ಲಿ ಮೊದಲನೆಯದು ಬಸ್ಸು.

ಬಸ್ಸಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬೆಂಗಳೂರಿನಲ್ಲಿ ಕುಳಿತು ಓದುವವರಿಗೆ ಇದು ಚಿಕ್ಕ ಸಂಗತಿ ಅನ್ನಿಸಬಹುದು. ಮುದ್ದೇಬಿಹಾಳದಿಂದ ಜಿಲ್ಲಾ ಕೇಂದ್ರ ಸುಮಾರು 80 ಕಿಲೋಮೀಟರ್, ಸಿಂದಗಿಯಿಂದ ಸುಮಾರು 60. ಹಳ್ಳಿಯಿಂದ ತಾಲ್ಲೂಕು ಕೇಂದ್ರದ ಪದವಿ ಕಾಲೇಜಿಗೆ ಬರುವ ಹುಡುಗಿಗೆ ಬೆಳಗಿನ ಒಂದು ಬಸ್ಸು, ಸಂಜೆಯ ಒಂದು ಬಸ್ಸು, ಇಷ್ಟರ ಮೇಲೆ ಇಡೀ ಓದು ನಿಂತಿರುತ್ತದೆ. ಬೆಳಗಿನದು ಮೇಲಿನ ಊರಿನಲ್ಲಿಯೇ ತುಂಬಿ ಬಂದರೆ ನಿಲ್ಲುವುದಿಲ್ಲ. 'ಬಸ್ಸು ಬರಂಗಿಲ್ಲ, ಬಂದ್ರ ನಿಲ್ಲಂಗಿಲ್ಲ' ಎಂಬ ಮಾತು ಇಲ್ಲಿನ ಯಾವ ಹಳ್ಳಿಯ ಕಟ್ಟೆಯ ಮೇಲೂ ಕೇಳಸಿಗುತ್ತದೆ. 2023ರ ಜೂನ್ 11ರಂದು ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಪಾಸಿನ ಖರ್ಚು ಉಳಿಯಿತು, ಅದು ನಿಜವಾದ ನೆರವು. ಆದರೆ ಪ್ರಯಾಣಿಕರು ಹೆಚ್ಚಾದಷ್ಟು ಬಸ್ಸು ಹೆಚ್ಚಲಿಲ್ಲ. ನಾಲ್ಕು ದಿನ ಮೊದಲ ತಾಸು ತಪ್ಪಿಸಿಕೊಂಡ ಹುಡುಗಿ ಐದನೆಯ ದಿನ ಮನೆಯಲ್ಲಿ 'ಇನ್ನ ಸಾಲಿ ಸಾಕು' ಎಂಬ ಮಾತು ಕೇಳುತ್ತಾಳೆ. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ 57ರ ಹತ್ತಿರ ಇತ್ತು, ಗಂಡಸರದು ಶೇ 77. ಆ ಅಂತರ ಇನ್ನೂ ತುಂಬಬೇಕಿರುವ ನೆಲದಲ್ಲಿ ಒಂದು ಟ್ರಿಪ್ಪು ರದ್ದಾಗುವುದು ಸಾರಿಗೆಯ ವಿಷಯವಾಗಿ ಮಾತ್ರ ಉಳಿಯುವುದಿಲ್ಲ.

ಇಲ್ಲೊಂದು ಆಡಳಿತದ ತೊಡಕೂ ಇದೆ. ವಿಜಯಪುರ ವಿಭಾಗದ ಬಸ್ಸುಗಳನ್ನು ಓಡಿಸುವುದು ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇರುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. ಅಂದರೆ ಇಂಡಿಯ ಹುಡುಗ ಹತ್ತುವ ಬಸ್ಸಿನ ಮೈಮೇಲೆ ಕಲ್ಯಾಣ ಕರ್ನಾಟಕ ಎಂದು ಬರೆದಿದೆ. ಆದರೆ ಸಂವಿಧಾನದ 371(ಜೆ) ವಿಧಿ ಕಲ್ಯಾಣ ಕರ್ನಾಟಕಕ್ಕೆ ಕೊಟ್ಟ ಶಿಕ್ಷಣ ಮತ್ತು ಉದ್ಯೋಗ ಮೀಸಲಾತಿ ಅವನಿಗಿಲ್ಲ, ಯಾಕೆಂದರೆ ವಿಜಯಪುರ ಜಿಲ್ಲೆ ಆ ಪಟ್ಟಿಯಲ್ಲಿ ಇಲ್ಲ. ಅದು ಹಳೆಯ ಮುಂಬೈ ಕರ್ನಾಟಕ, 2021ರ ನಂತರ ಕಿತ್ತೂರು ಕರ್ನಾಟಕ. ಭೀಮೆ ದಾಟಿ ಅಫಜಲಪುರ ಮುಟ್ಟಿದರೆ ಆ ಸೌಲಭ್ಯ ಇದೆ. ಈಚೆ ದಂಡೆಯ ಸಿಂದಗಿ, ಆಲಮೇಲ, ಇಂಡಿಯ ಕಡೆ ಇಲ್ಲ. ಮಳೆ ಒಂದೇ, ತೊಗರಿ ಒಂದೇ, ಗುಳೆ ಹೋಗುವ ದಾರಿಯೂ ಒಂದೇ. ಈ ವ್ಯತ್ಯಾಸವನ್ನು ಇಲ್ಲಿನ ವಿದ್ಯಾರ್ಥಿಗಳು ಸಿಇಟಿ ಸೀಟು ಹಂಚಿಕೆಯ ದಿನಗಳಲ್ಲಿ ಬಹಳ ಕಹಿಯಾಗಿ ಅನುಭವಿಸುತ್ತಾರೆ.

ಬಸ್ಸಿನ ಮನವಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿದ ಸಂಘಟನೆ ಕೆಲಸ ಮಾಡಿಸಿಕೊಳ್ಳುತ್ತದೆ. ಡಿಪೋ ಮ್ಯಾನೇಜರಿಗೆ ಇರುವ ಬಸ್ಸಿನ ವೇಳೆಯನ್ನು ಅರ್ಧ ತಾಸು ಹಿಂದೆ ಮುಂದೆ ಮಾಡುವುದು, ಒಂದು ಊರಿನಲ್ಲಿ ಕಡ್ಡಾಯವಾಗಿ ನಿಲ್ಲಿಸಲು ಚಾಲಕರಿಗೆ ಹೇಳುವುದು ಸಾಧ್ಯ. ಹೊಸ ಬಸ್ಸು ಹಾಕಬೇಕೆಂದರೆ ಗಾಡಿ, ಚಾಲಕ, ನಿರ್ವಾಹಕ ಮೂರೂ ಬೇಕು. ಅದಕ್ಕೆ ವಿಜಯಪುರದ ವಿಭಾಗೀಯ ಕಚೇರಿ, ಅದರಾಚೆ ಕಲಬುರಗಿ ಒಪ್ಪಬೇಕು. 'ಸಮರ್ಪಕ ಬಸ್ ಸೌಲಭ್ಯ ಒದಗಿಸಬೇಕು' ಎಂದು ಬರೆದ ಮನವಿಯನ್ನು ಯಾರೂ ಏನೂ ಮಾಡಲಾರರು. ಯಾವ ಊರಿನಿಂದ, ಎಷ್ಟು ಗಂಟೆಗೆ, ಎಷ್ಟು ವಿದ್ಯಾರ್ಥಿಗಳು, ಯಾವ ದಿನ ಯಾವ ಬಸ್ಸು ನಿಲ್ಲದೆ ಹೋಯಿತು ಎಂದು ಬರೆದುಕೊಟ್ಟರೆ ಅದನ್ನು ತಳ್ಳಿಹಾಕುವುದು ಕಷ್ಟ. ಈ ವಿವರ ಕಲೆಹಾಕಲು ಹುಡುಗರು ಹಳ್ಳಿ ಹಳ್ಳಿಗೆ ಹೋಗಿ ಹೆಸರು ಬರೆದುಕೊಳ್ಳಬೇಕಾಗುತ್ತದೆ. ಆ ಓಡಾಟವೇ ರಾಜಕೀಯ ಶಿಕ್ಷಣ ಎಂದು ನಾನು ನಂಬುತ್ತೇನೆ. ರಸ್ತೆ ತಡೆ ಅದರ ಮುಂದಿನ ಹೆಜ್ಜೆಯಾಗಬೇಕು, ಮೊದಲನೆಯದಾಗಬಾರದು. ತಡೆದ ಬಸ್ಸಿನಲ್ಲಿ ದವಾಖಾನೆಗೆ ಹೊರಟವರೂ ಇರುತ್ತಾರೆ.

ಹಾಸ್ಟೆಲಿನದು ಇನ್ನೊಂದು ಕತೆ. ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ (ಬಿಸಿಎಂ) ಹಾಸ್ಟೆಲುಗಳಲ್ಲಿ ಸೀಟು ಇರುವುದಕ್ಕಿಂತ ಅರ್ಜಿ ಹೆಚ್ಚು. ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ನೆರವು ಕೊಡುವುದು 2013ರಲ್ಲಿ ಶುರುವಾಯಿತು. ಈ ಕಾಲದಲ್ಲಿ ಆ ದುಡ್ಡಿಗೆ ರೂಮಿನ ಬಾಡಿಗೆಯೂ ಪೂರ್ತಿ ಬರುವುದಿಲ್ಲ. ಈಗಲೂ ಎಷ್ಟೋ ಹುಡುಗರು ಮೂವರು ನಾಲ್ವರು ಸೇರಿ ರೂಮು ಮಾಡಿ, ಊರಿನಿಂದ ಬಸ್ಸಿನಲ್ಲಿ ಬರುವ ಬುತ್ತಿಯ ಮೇಲೆ ಪದವಿ ಮುಗಿಸುತ್ತಾರೆ. ರೊಟ್ಟಿ, ಚಟ್ನಿಪುಡಿ ಕಟ್ಟಿ ಕಳಿಸುವ ತಾಯಿ ಹಲವು ಮನೆಗಳಲ್ಲಿ ಗೋವಾದಲ್ಲೋ ಮಹಾರಾಷ್ಟ್ರದಲ್ಲೋ ದುಡಿಯಲು ಹೋಗಿದ್ದರೆ ಆ ಬುತ್ತಿಯೂ ಇಲ್ಲ. ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯ ತಾಂಡಾಗಳಿಂದ, ಇಂಡಿ ಸಿಂದಗಿಯ ಹಳ್ಳಿಗಳಿಂದ ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಹೋಗುವವರ ಮಕ್ಕಳೇ ಈ ಕಾಲೇಜುಗಳ ಬೆಂಚಿನ ಮೇಲೆ ಕುಳಿತಿದ್ದಾರೆ. 2023ರಲ್ಲಿ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಾರ್ಮಿಕ ಕಲ್ಯಾಣ ಮಂಡಳಿ ಕೊಡುತ್ತಿದ್ದ ಶೈಕ್ಷಣಿಕ ಸಹಾಯಧನವನ್ನು ಸರ್ಕಾರ ದೊಡ್ಡ ಮಟ್ಟದಲ್ಲಿ ಕಡಿತ ಮಾಡಿದಾಗ ರಾಜ್ಯದಾದ್ಯಂತ ವಿದ್ಯಾರ್ಥಿ ಸಂಘಟನೆಗಳು ಬೀದಿಗೆ ಬಂದವು. ಅಪ್ಪ ಅಮ್ಮ ಬೇರೆ ರಾಜ್ಯದಲ್ಲಿ ಇಟ್ಟಂಗಿ ಹೊರುವಾಗ ಅವರ ಪರವಾಗಿ ಕೇಳುವವರು ಬೇರೆ ಯಾರಿದ್ದರು?

ಫೋಟೊಕ್ಕೆ ಬಾರದ ಕೆಲಸವೊಂದಿದೆ, ನನಗೆ ಅದರ ಬಗ್ಗೆ ಹೆಚ್ಚು ಗೌರವ. ವಿದ್ಯಾರ್ಥಿವೇತನ ಈಗ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ಲಿನ ಮೂಲಕ. ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಅರ್ಜಿ ನಿಲ್ಲುತ್ತದೆ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಸರಿ ಹೊಂದದಿದ್ದರೆ ನಿಲ್ಲುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಹಣ ಮಂಜೂರಾಗಿಯೂ ಕೈಸೇರುವುದಿಲ್ಲ. 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ಪದವಿ ಓದುವ ಹುಡುಗನಿಗೆ ವರ್ಷಕ್ಕೆ 5,000, ಹುಡುಗಿಗೆ 5,500 ರೂಪಾಯಿ ಗೊತ್ತು ಮಾಡಿದರು; ಜಮೀನಿನ ದಾಖಲೆ ಅಜ್ಜನ ಹೆಸರಿನಲ್ಲಿಯೇ ಉಳಿದ ಮನೆಗಳಲ್ಲಿ ಅದಕ್ಕೂ ಓಡಾಟ ತಪ್ಪಲಿಲ್ಲ. ಸಂಘಟನೆಯ ಸೀನಿಯರುಗಳು ಜೂನಿಯರುಗಳನ್ನು ಕೂರಿಸಿಕೊಂಡು ಅರ್ಜಿ ತುಂಬಿಸುವುದು, ನಾಡಕಚೇರಿಗೆ ಜೊತೆ ಹೋಗುವುದು, ಬ್ಯಾಂಕಿನಲ್ಲಿ ಕಾಯುವುದು, ಇವೆಲ್ಲ ಸಮಾಜಸೇವೆ ಎಂಬ ಹೆಸರಿಲ್ಲದ ಸಮಾಜಸೇವೆ. ಸಸಿ ನೆಟ್ಟ ಫೋಟೊಗಿಂತ ಇದು ದೊಡ್ಡದು.

ಹಾಗೆಂದು ಜಯಂತಿ, ಹುತಾತ್ಮ ದಿನಗಳನ್ನು ನಾನು ಹಗುರವಾಗಿ ನೋಡುವುದಿಲ್ಲ. ಜನವರಿ 3ಕ್ಕೆ ಸಾವಿತ್ರಿಬಾಯಿ ಫುಲೆ, 12ಕ್ಕೆ ವಿವೇಕಾನಂದ, 23ಕ್ಕೆ ನೇತಾಜಿ, ಮಾರ್ಚ್ 23ಕ್ಕೆ ಭಗತ್ ಸಿಂಗ್ ಹುತಾತ್ಮ ದಿನ, ಏಪ್ರಿಲ್ 14ಕ್ಕೆ ಅಂಬೇಡ್ಕರ್. ಒಂದೊಂದು ಸಂಘಟನೆ ಒಂದೊಂದು ದಿನವನ್ನು ಎತ್ತಿ ಹಿಡಿಯುತ್ತದೆ. ಆ ದಿನ ವೇದಿಕೆಯ ಮೇಲೆ ಐದು ನಿಮಿಷ ಮಾತಾಡಿದ ಬಿ.ಎ. ಎರಡನೇ ವರ್ಷದ ಹುಡುಗಿ ಮುಂದೆ ಯಾವ ಸಂದರ್ಶನದಲ್ಲೂ ತೊದಲುವುದಿಲ್ಲ. ಹಾರ ಹಾಕಿ ಮುಗಿಸದೆ ಅವರ ಒಂದು ಪುಸ್ತಕವನ್ನಾದರೂ ಓದಿಸಿದರೆ ಸಾಕು.

ಓದಿನ ಮಾತು ಬಂದಾಗ ಇಂಡಿ ಸೀಮೆಯವರು ಬಹಳ ದೂರ ಹೋಗಿ ಹುಡುಕಬೇಕಿಲ್ಲ. ಹಲಸಂಗಿ ಎಂಬ ಹಳ್ಳಿ ಹಿಂದೆ ಇಂಡಿ ತಾಲ್ಲೂಕಿನಲ್ಲಿತ್ತು, ಈಗ ಚಡಚಣ ತಾಲ್ಲೂಕಿನಲ್ಲಿದೆ. 1903ರಲ್ಲಿ ಹುಟ್ಟಿದ ಮಧುರಚೆನ್ನ, ಅವರಿಗಿಂತ ಎರಡು ವರ್ಷ ಚಿಕ್ಕವರಾದ ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಅಲ್ಲಿ ಗೆಳೆಯರ ಬಳಗ ಕಟ್ಟಿದಾಗ ಇಪ್ಪತ್ತರ ಹರೆಯದವರು. ಇಂಡಿಯಲ್ಲಿ ಕಾಲೇಜೇ ಇರಲಿಲ್ಲ. ಊರಲ್ಲಿ ವಾಚನಾಲಯ ನಡೆಸಿದರು. ಬೀಸುಕಲ್ಲಿನ ಮುಂದೆ ಕುಳಿತ ಹೆಂಗಸರಿಂದ ತ್ರಿಪದಿಗಳನ್ನು, ಹಾಡುಗಾರರಿಂದ ಲಾವಣಿಗಳನ್ನು ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಹೊರಬಂದಾಗ ಕನ್ನಡ ನಾಡು ತನ್ನ ಅಕ್ಷರ ಬಾರದ ಹೆಣ್ಣುಮಕ್ಕಳ ಕಾವ್ಯವನ್ನು ಮೊದಲ ಸಲ ಗಂಭೀರವಾಗಿ ಓದಿತು. ಲಿಂಗಾಯತ, ಮುಸ್ಲಿಂ ಎನ್ನದೆ ಕೂಡಿದ ತರುಣರ ಗುಂಪು ಅದು, ಯಾವ ಇಲಾಖೆಯ ಅನುದಾನವೂ ಇರಲಿಲ್ಲ. ಇಂದಿನ ಸಂಘಟನೆಗಳು ತಮ್ಮ ಹಿರಿಯರ ಪಟ್ಟಿಯಲ್ಲಿ ದೂರದ ಹೆಸರುಗಳ ಜೊತೆಗೆ ಈ ಹಲಸಂಗಿಯನ್ನೂ ಬರೆದುಕೊಳ್ಳಬೇಕು. ಸಿಂದಗಿಯವರಾದರೆ ತಮ್ಮ ತಾಲ್ಲೂಕಿನಲ್ಲಿ ಹುಟ್ಟಿ, 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆ ಬಾಗಿಲಲ್ಲಿ ಗುಂಡಿಗೆ ಬಲಿಯಾದ ಎಂ.ಎಂ. ಕಲಬುರ್ಗಿಯವರನ್ನು ಬರೆದುಕೊಳ್ಳಬೇಕು. ಅವರ ಹತ್ಯೆಯನ್ನು ಖಂಡಿಸುವ ಭಿತ್ತಿಪತ್ರ ಹಿಡಿದವರು ಅವರ ಸಂಶೋಧನೆಯ ಒಂದು ಸಂಪುಟವನ್ನೂ ಹಿಡಿಯಲಿ.

ಈಗ ದೊಡ್ಡ ನೀತಿಗಳ ವಿಷಯ. 2021–22ರಲ್ಲಿ ಕರ್ನಾಟಕ ದೇಶದಲ್ಲೇ ಮೊದಲಾಗಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿಯಲ್ಲಿ ಜಾರಿಗೆ ತಂದಿತು. ನಾಲ್ಕು ವರ್ಷದ ಪದವಿ ಬಂತು. ಎಐಡಿಎಸ್‌ಒ, ಎಸ್‌ಎಫ್‌ಐ ವಿರೋಧಿಸಿದವು, ಎಬಿವಿಪಿ ನೀತಿಯ ಪರ ನಿಂತಿತು. ರಾಜ್ಯ ಶಿಕ್ಷಣ ನೀತಿಗಾಗಿ ನೇಮಿಸಿದ ಸುಖದೇವ ಥೋರಟ್ ಆಯೋಗದ ಮಧ್ಯಂತರ ವರದಿಯ ಮೇಲೆ ರಾಜ್ಯ ಸರ್ಕಾರ 2024ರ ಮೇ ತಿಂಗಳಲ್ಲಿ ಮೂರು ವರ್ಷದ ಪದವಿಗೇ ಮರಳಿತು. ಒಂದು ವರ್ಷ ಹೆಚ್ಚು ಓದುವುದು ಎಂದರೆ ಸಿಂದಗಿಯ ರೈತನ ಮನೆಯಲ್ಲಿ ಮಗಳ ಮದುವೆ, ಮಗನ ದುಡಿಮೆ, ಸಾಲದ ಬಡ್ಡಿ ಎಲ್ಲದರ ಲೆಕ್ಕ ಬದಲಾದಂತೆ. ಪರ ವಿರೋಧ ಎರಡೂ ಕಡೆಯ ಹುಡುಗರು ಈ ಲೆಕ್ಕವನ್ನು ಇಟ್ಟುಕೊಂಡು ಒಂದೇ ಸಭಾಂಗಣದಲ್ಲಿ ಎದುರುಬದುರು ಕುಳಿತು ವಾದಿಸಿದ್ದರೆ ಎಷ್ಟು ಚೆನ್ನಾಗಿತ್ತು. ಹಾಗೆ ಕೂರಿಸುವ ವೇದಿಕೆ ಕಾಲೇಜಿನೊಳಗೆ ಇಲ್ಲ. ಆದ್ದರಿಂದ ಒಬ್ಬರು ಬಸವೇಶ್ವರ ವೃತ್ತದಲ್ಲಿ, ಇನ್ನೊಬ್ಬರು ಅಂಬೇಡ್ಕರ್ ವೃತ್ತದಲ್ಲಿ ಬೇರೆ ಬೇರೆ ದಿನ ಘೋಷಣೆ ಕೂಗಿದರು.

2025ರ ಸೆಪ್ಟೆಂಬರಿನಲ್ಲಿ ವಿಜಯಪುರ ನಗರದಲ್ಲಿ ಶುರುವಾದ ಧರಣಿ ಬೇರೆ ತರಹದ್ದು. ಜಿಲ್ಲೆಗೆ ಬರಬೇಕಾದ ವೈದ್ಯಕೀಯ ಕಾಲೇಜನ್ನು ಖಾಸಗಿ ಸಹಭಾಗಿತ್ವದಲ್ಲಿ ಮಾಡಬಾರದು, ಪೂರ್ತಿ ಸರ್ಕಾರಿಯಾಗಿಯೇ ಇರಬೇಕು ಎಂಬ ಒಂದೇ ಬೇಡಿಕೆ. ಎರಡು ಖಾಸಗಿ ವೈದ್ಯಕೀಯ ಕಾಲೇಜುಗಳು 1980ರ ದಶಕದಿಂದಲೇ ಇರುವ ಜಿಲ್ಲೆಯಲ್ಲಿ ಸರ್ಕಾರಿಯದು ಒಂದೂ ಇರಲಿಲ್ಲ. ರೈತರು, ಕಾರ್ಮಿಕರು, ಮಹಿಳೆಯರು, ವಿದ್ಯಾರ್ಥಿಗಳು ಕೂಡಿ ತಿಂಗಳುಗಟ್ಟಲೆ ಕುಳಿತರು. ವಿದ್ಯಾರ್ಥಿ ಸಂಘಟನೆಗಳಿಗೆ ಒಂದು ದಿನದ ಮನವಿಗೂ ನೂರು ದಿನದ ಹೋರಾಟಕ್ಕೂ ಇರುವ ವ್ಯತ್ಯಾಸ ಅಲ್ಲಿ ತಿಳಿದಿರಬೇಕು.

ಇಷ್ಟೆಲ್ಲ ಕೆಲಸ ಇದ್ದರೂ ಈ ಸಂಘಟನೆಗಳಿಗೆ ಕಾಲೇಜಿನೊಳಗೆ ಯಾವ ಅಧಿಕೃತ ಸ್ಥಾನವೂ ಇಲ್ಲ. ಹಿಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳಲ್ಲಿ ಜಿ.ಎಸ್. (ಪ್ರಧಾನ ಕಾರ್ಯದರ್ಶಿ), ಸಿ.ಆರ್. (ತರಗತಿ ಪ್ರತಿನಿಧಿ), ಎಲ್.ಆರ್. (ವಿದ್ಯಾರ್ಥಿನಿಯರ ಪ್ರತಿನಿಧಿ) ಎಂಬ ಹುದ್ದೆಗಳಿಗೆ ವಿದ್ಯಾರ್ಥಿಗಳು ಮತ ಹಾಕುತ್ತಿದ್ದರು. ಜಿಮಖಾನಾದ ಜಿ.ಎಸ್. ಆದವನು ಮುಂದೆ ಊರಿನ ಮುಖಂಡನಾದ ಉದಾಹರಣೆಗಳು ಈ ಭಾಗದ ಹಿರಿಯರ ನೆನಪಿನಲ್ಲಿ ಬೇಕಾದಷ್ಟಿವೆ. ಜಗಳ, ಜಾತಿಯ ಗುಂಪುಗಾರಿಕೆ, ಹೊರಗಿನವರ ದುಡ್ಡು, ಕೆಲವೆಡೆ ರಕ್ತಪಾತ ಕಂಡು 1989ರ ಹೊತ್ತಿಗೆ ರಾಜ್ಯದಲ್ಲಿ ಕಾಲೇಜು ಚುನಾವಣೆಗಳನ್ನು ನಿಲ್ಲಿಸಿದರು. ಆ ಭಯಕ್ಕೆ ಕಾರಣ ಇತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ 1989ರ ಮಾರ್ಚ್ 28ರಂದು ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹದಿನೆಂಟರ ಹುಡುಗಿ ಲೋಕಸಭೆಗೆ ಪ್ರತಿನಿಧಿ ಆರಿಸಬಲ್ಲಳು ಎಂದು ದೇಶ ಹೇಳಿದ ಹೊತ್ತಿನಲ್ಲೇ ಆಕೆ ತನ್ನ ತರಗತಿಗೆ ಪ್ರತಿನಿಧಿ ಆರಿಸಲಾರಳು ಎಂದು ರಾಜ್ಯ ತೀರ್ಮಾನಿಸಿತು.

ಇದನ್ನು ಒಂದು ಏಣಿಯಂತೆ ನೋಡೋಣ. ಕೆಳಗಿನ ಮೆಟ್ಟಿಲು ಗಟ್ಟಿಯಾಗಿದೆ. ಸರ್ಕಾರಿ ಶಾಲೆಗಳಲ್ಲಿ ಶಾಲಾ ಸಂಸತ್ತಿಗೆ ಮಕ್ಕಳು ಮತ ಹಾಕುತ್ತಾರೆ. ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿ ಮಕ್ಕಳ ಗ್ರಾಮಸಭೆ ಕರೆದು ಅವರ ದೂರು ಕೇಳಬೇಕು. ಮೇಲಿನ ಮೆಟ್ಟಿಲೂ ಇದೆ: ವಿಧಾನಸಭೆ, ಲೋಕಸಭೆ. ನಡುವಿನವು ಕಾಣೆ. ಕಾಲೇಜಿನಲ್ಲಿ ಚುನಾವಣೆ ಇಲ್ಲ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ಆಯಿತು. 2021ರಲ್ಲಿ ಅವಧಿ ಮುಗಿದ ಮೇಲೆ 2025 ಕಳೆಯುವವರೆಗೂ ಮತ್ತೆ ನಡೆಯಲಿಲ್ಲ. ಅಂದರೆ 2016ರ ನಂತರ ಹದಿನೆಂಟು ತುಂಬಿದ ಇಡೀ ಒಂದು ಪೀಳಿಗೆ ಆ ವರ್ಷಗಳಲ್ಲಿ ತಾಲ್ಲೂಕು ಪಂಚಾಯಿತಿಗೆ ಒಂದು ಮತವನ್ನೂ ಹಾಕಲಿಲ್ಲ. ತನ್ನ ಹಾಸ್ಟೆಲು, ತನ್ನ ರಸ್ತೆಯನ್ನು ನೋಡಿಕೊಳ್ಳುವ ಹತ್ತಿರದ ಸದಸ್ಯನೇ ಇಲ್ಲದಾಗ ವಿದ್ಯಾರ್ಥಿ ನೇರವಾಗಿ 'ತಹಶೀಲ್ದಾರರ ಮುಖಾಂತರ ಮಾನ್ಯ ಮುಖ್ಯಮಂತ್ರಿಗಳಿಗೆ' ಎಂದು ಮನವಿ ಬರೆಯುತ್ತಾನೆ. ಇಂಡಿಯ ಬಸ್ ನಿಲ್ದಾಣದ ಕುಡಿಯುವ ನೀರಿಗಾಗಿ ಮುಖ್ಯಮಂತ್ರಿಗೆ ಬರೆಯುವ ಪರಿಸ್ಥಿತಿ ತಂದದ್ದು ಹುಡುಗರಲ್ಲ, ನಡುವಿನ ಮೆಟ್ಟಿಲು ಕಿತ್ತವರು.

ಚುನಾವಣಾ ಆಯೋಗ 2018ರ ಜನವರಿ 25ರಂದು ಶಾಲಾ ಕಾಲೇಜುಗಳಲ್ಲಿ ಚುನಾವಣಾ ಸಾಕ್ಷರತಾ ಕ್ಲಬ್‌ಗಳನ್ನು ಆರಂಭಿಸಿತು. ಮತಯಂತ್ರ ಹೇಗೆ ಕೆಲಸ ಮಾಡುತ್ತದೆ, ಮತದಾರರ ಪಟ್ಟಿಗೆ ಹೆಸರು ಹೇಗೆ ಸೇರಿಸಬೇಕು ಎಂಬುದನ್ನು ಆಟ, ಚಟುವಟಿಕೆಗಳ ಮೂಲಕ ಕಲಿಸುವ ಒಳ್ಳೆಯ ಯೋಜನೆ. 2022ರಿಂದ 17 ದಾಟಿದವರು ಮುಂಚಿತವಾಗಿಯೇ ನಮೂನೆ 6ರಲ್ಲಿ ಅರ್ಜಿ ಹಾಕಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನ, ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ. ಇಂಡಿಯ ಜಿ.ಆರ್. ಗಾಂಧಿ ಕಾಲೇಜು, ಸಿಂದಗಿಯ ಪೋರವಾಲ ಕಾಲೇಜು, ಮುದ್ದೇಬಿಹಾಳದ ಎಂ.ಜಿ.ವಿ.ಸಿ., ಬಸವನಬಾಗೇವಾಡಿಯ ಬಸವೇಶ್ವರ ಕಾಲೇಜು, ನಾಲ್ಕೂ ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಈ ಕ್ಲಬ್ಬು ಮತ್ತು ಸಂಘಟನೆಗಳು ಒಂದು ವಾರ ಕೂಡಿ ದುಡಿದರೆ ಪಟ್ಟಿಯಿಂದ ಹೊರಗುಳಿಯುವ ಹೊಸ ಮತದಾರ ಒಬ್ಬನೂ ಇರಲಾರ. ಗುಳೆ ಹೋದವರ ಮಕ್ಕಳ ಹೆಸರೇ ಹೆಚ್ಚು ಬಿಟ್ಟುಹೋಗುವುದು. ಈ ಕೆಲಸಕ್ಕೆ ಹೊರಗಿನ ಮಾದರಿಯೂ ಇದೆ: ಅಮೆರಿಕದಲ್ಲಿ ಡೆಮಾಕ್ರಟಿಕ್ ಪಕ್ಷದ ಕಾಲೇಜು ಸಂಘಟನೆ 1932ರಿಂದ ಇದೆ. ಪಕ್ಷದ ಹೆಸರನ್ನು ಬಚ್ಚಿಡದೆ ಬಹಿರಂಗವಾಗಿ ಕೆಲಸ ಮಾಡುವ ಅದರ ಮುಖ್ಯ ಕಸುಬುಗಳಲ್ಲಿ ಒಂದು, ಸಹಪಾಠಿಗಳ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಿ ಮನೆಮನೆಗೆ ಹೋಗುವುದು. ಅಲ್ಲಿ ಮತದ ವಯಸ್ಸು 18ಕ್ಕೆ ಇಳಿದದ್ದು 1971ರಲ್ಲಿ, ವಿಯೆಟ್ನಾಂ ಯುದ್ಧಕ್ಕೆ ಹೋಗಬಲ್ಲವನು ಮತ ಯಾಕೆ ಹಾಕಬಾರದು ಎಂದು ತರುಣರೇ ಕೇಳಿದ ಮೇಲೆ.

ಮತ್ತೆ ಚುನಾವಣೆ ಬಂದರೆ ಹಳೆಯ ಗಲಾಟೆಯೂ ಬರುವುದಿಲ್ಲವೆ? ಈ ಪ್ರಶ್ನೆಗೆ ಉತ್ತರ ಸಿದ್ಧವಾಗಿ ಇಪ್ಪತ್ತು ವರ್ಷವಾಯಿತು. ನಿವೃತ್ತ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೊ ನೇತೃತ್ವದ ಸಮಿತಿ 2006ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಸುಪ್ರೀಂ ಕೋರ್ಟು ಅದೇ ವರ್ಷ ಸೆಪ್ಟೆಂಬರ್ 22ರಂದು ಅದನ್ನು ಜಾರಿಗೆ ತರಲು ಹೇಳಿತು. ಪದವಿ ವಿದ್ಯಾರ್ಥಿಯಾದರೆ 17ರಿಂದ 22 ವರ್ಷದೊಳಗಿರಬೇಕು. ಶೇ 75 ಹಾಜರಾತಿ ಬೇಕು. ಆ ವರ್ಷ ಯಾವ ವಿಷಯವೂ ಬಾಕಿ ಉಳಿದಿರಬಾರದು. ಪದಾಧಿಕಾರಿ ಸ್ಥಾನಕ್ಕೆ ಒಮ್ಮೆ ಮಾತ್ರ ನಿಲ್ಲಬಹುದು. ಖರ್ಚು 5,000 ರೂಪಾಯಿ ಮೀರಬಾರದು, ಫಲಿತಾಂಶದ ಎರಡು ವಾರದೊಳಗೆ ಲೆಕ್ಕ ಒಪ್ಪಿಸಬೇಕು. ಅಚ್ಚು ಮಾಡಿದ ಪೋಸ್ಟರಿಲ್ಲ, ಕೈಬರಹದ್ದು ಮಾತ್ರ. ನಾಮಪತ್ರದಿಂದ ಫಲಿತಾಂಶದ ತನಕ ಎಲ್ಲ ಹತ್ತು ದಿನದಲ್ಲಿ ಮುಗಿಯಬೇಕು. ವಾತಾವರಣ ಸರಿಯಿಲ್ಲದ ಕಡೆ ತಾತ್ಕಾಲಿಕವಾಗಿ ನಾಮನಿರ್ದೇಶನ ಮಾಡಿಕೊಳ್ಳಿ, ಆದರೆ ಐದು ವರ್ಷದೊಳಗೆ ಚುನಾವಣೆಗೆ ಬನ್ನಿ ಎಂದೂ ಆ ವರದಿ ಹೇಳಿತ್ತು. ಆ ಐದು ವರ್ಷ 2011ಕ್ಕೇ ಮುಗಿದವು. 2025ರ ಕೊನೆಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಕಾಲೇಜು ಚುನಾವಣೆಯನ್ನು ಮತ್ತೆ ತರುವ ಮಾತು ಎತ್ತಿದರು. ಅವರ ಪಕ್ಷಕ್ಕೆ ಇದರಿಂದ ಏನು ಲಾಭ ಎಂಬ ಚರ್ಚೆಯೇ ಹೆಚ್ಚು ನಡೆಯಿತು. ನನಗೆ ಬೇಕಾದದ್ದು ಬೇರೆ ಚರ್ಚೆ: ಸಿಂದಗಿಯ ಹುಡುಗಿಗೆ ಇದರಿಂದ ಏನು ಸಿಗುತ್ತದೆ?

ಆಕೆ ಎಲ್.ಆರ್. ಆಗಿ ಆರಿಸಿ ಬಂದರೆ ಶೌಚಾಲಯದ ನೀರಿನ ಬಗ್ಗೆ ಪ್ರಾಚಾರ್ಯರ ಮುಂದೆ ಕುಳಿತು ಮಾತಾಡುವ ಅಧಿಕಾರ ಸಿಗುತ್ತದೆ. ಡಿಪೋ ಮ್ಯಾನೇಜರಿಗೆ ಬರೆಯುವ ಪತ್ರದ ಕೆಳಗೆ ಆರು ನೂರು ವಿದ್ಯಾರ್ಥಿಗಳು ಆರಿಸಿದ ಪ್ರತಿನಿಧಿಯ ಸಹಿ ಇರುತ್ತದೆ. ಮನವಿ ಕೊಟ್ಟು ಮರೆತರೆ ಆರಿಸಿದವರೇ ಆಕೆಯನ್ನು ಲೆಕ್ಕ ಕೇಳುತ್ತಾರೆ. ಈಗ ಮನವಿ ಕೊಟ್ಟವರನ್ನು ಯಾರೂ ಆರಿಸಿಲ್ಲ, ಯಾರೂ ಇಳಿಸಲಾರರು. ಸಂಘಟನೆಗಳು ಈ ಮಾತನ್ನು ತಮ್ಮ ಮೇಲೂ ಹಾಕಿಕೊಳ್ಳಬೇಕು. ತಾಲ್ಲೂಕು ಅಧ್ಯಕ್ಷನನ್ನು ಜಿಲ್ಲಾ ಮುಖಂಡರು ನೇಮಿಸುವುದು, ಬ್ಯಾನರಿನ ದುಡ್ಡು ಎಲ್ಲಿಂದ ಬಂತೆಂದು ಹೇಳದಿರುವುದು, ಫೋಟೊಕ್ಕೆ ಹುಡುಗಿಯರನ್ನು ಮುಂದೆ ನಿಲ್ಲಿಸಿ ಪದಾಧಿಕಾರಿಗಳ ಪಟ್ಟಿಯಲ್ಲಿ ಹುಡುಗರನ್ನೇ ತುಂಬುವುದು, ಮಾತೃಪಕ್ಷ ಅಧಿಕಾರದಲ್ಲಿದ್ದಾಗ ಬಾಯಿ ಮುಚ್ಚುವುದು, ಈ ನಾಲ್ಕೂ ನಿಲ್ಲದೆ ಕಾಲೇಜಿಗೆ ಚುನಾವಣೆ ಬೇಕೆಂದು ಕೇಳುವ ನೈತಿಕ ಬಲ ಬರುವುದಿಲ್ಲ. ಇವುಗಳಿಂದ ದೂರ ಇರುವ ಸಂಘಟನೆಗಳೂ ಇವೆ. ಅವು ಮುಂದೆ ಬಂದು ತಮ್ಮ ಲೆಕ್ಕ, ತಮ್ಮ ಚುನಾವಣೆಯನ್ನು ಸಾರ್ವಜನಿಕವಾಗಿ ತೋರಿಸಲಿ.

ರಾಜ್ಯದಾದ್ಯಂತ ಒಂದೇ ದಿನ ಚುನಾವಣೆ ಸಾರುವುದು ಬೇಡ. ದೊಡ್ಡ ನಗರಗಳಿಗಿಂತ ಮೊದಲು ತಾಲ್ಲೂಕು ಕೇಂದ್ರಗಳಿಂದ ಶುರುವಾಗಲಿ, ಯಾಕೆಂದರೆ ಇಲ್ಲಿ ಕಾಲೇಜುಗಳು ಚಿಕ್ಕವು, ಪ್ರಾಚಾರ್ಯರಿಗೆ ಮಕ್ಕಳ ಮುಖ ಗೊತ್ತು, ಬೇಡಿಕೆಗಳು ಸ್ಪಷ್ಟ. ಉನ್ನತ ಶಿಕ್ಷಣ ಇಲಾಖೆ ಬರುವ ಶೈಕ್ಷಣಿಕ ವರ್ಷದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಲಿಂಗ್ಡೊ ನಿಯಮದಂತೆ ಸಿ.ಆರ್., ಎಲ್.ಆರ್., ಜಿ.ಎಸ್. ಸ್ಥಾನಗಳಿಗೆ ಗುಪ್ತ ಮತದಾನ ನಡೆಸಲಿ. ಮತಪೆಟ್ಟಿಗೆಯ ಕೆಲಸವನ್ನು ಆಯಾ ಕಾಲೇಜಿನ ಚುನಾವಣಾ ಸಾಕ್ಷರತಾ ಕ್ಲಬ್ಬಿಗೆ ಒಪ್ಪಿಸಲಿ. ಪಾಲಕರು ತಮ್ಮ ಮಗಳನ್ನು ಅಭ್ಯರ್ಥಿಯಾಗಿ ನಿಲ್ಲಲು ಬಿಡಲಿ.